ಹೆಸರು ಅಳಿಸಿದ ಸ್ಕ್ಯಾನ್

"ಒಂದು ಕೇಸ್ ಇದೆ. ಸ್ವಲ್ಪ ನೋಡ್ತೀರಾ?"

ಪಕ್ಕದ ಕುರ್ಚಿಯ ನಿಧಾನಿ ಹೀಗೆ ಕೇಳಿದ ಕೂಡಲೇ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ಹೊಟ್ಟೆಯ ಸ್ಕ್ಯಾನ್‌ಗಳನ್ನು ಓದುವ ಆ ಮಬ್ಬುಗತ್ತಲೆಯ ಕೋಣೆಯಲ್ಲಿ ತರಬೇತಿಗೆ ಬಂದವರು ಅವರಿಬ್ಬರೇ. ರೇಡಿಯಾಲಜಿ ಓದಿ ಮುಗಿಸಿ, ಲಿವರ್, ಕರುಳು, ಮೇದೋಜೀರಕ ಇಷ್ಟರಲ್ಲೇ ಪಳಗಬೇಕೆಂದು ಇನ್ನೂ ಒಂದು ವರ್ಷ ಕಲಿಯಲು ಬಂದ ಡಾಕ್ಟರುಗಳು. ವರ್ಷದ ಕೊನೆಗೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇಲ್ಲಿ ಕೆಲಸ ಎಂದು ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಮೊದಲ ದಿನವೇ ಹೇಳಿಬಿಟ್ಟಿದ್ದರು. ಅಂದಿನಿಂದ ಅವಳ ಪಾಲಿಗೆ ಪಕ್ಕದ ಕುರ್ಚಿಯವನು ಪಕ್ಕದ ಮನೆಯ ಬೆಕ್ಕಿನ ಹಾಗೆ. ಎಷ್ಟೇ ಸಾಧುವಾಗಿ ಕಂಡರೂ ಹಾಲಿನ ಪಾತ್ರೆಯ ಮೇಲೆ ಒಂದು ಕಣ್ಣಿಡಲೇಬೇಕು.

ಅವನಿಗೆ ನಿಧಾನಿ ಎಂದು ಹೆಸರಿಟ್ಟವಳು ಎಂಆರ್‌ಐ ಯಂತ್ರ ನಡೆಸುವ ಅಕ್ಕ. ಅವನು ಒಂದು ಸ್ಕ್ಯಾನನ್ನು ಓದಿ, ಮತ್ತೆ ಮೊದಲಿನಿಂದ ಓದಿ, ಆಮೇಲೆ ಮೈಕಿಗೆ ಗುಟ್ಟು ಹೇಳುವವನಂತೆ ಪಿಸುಗುಡುತ್ತಾ ರಿಪೋರ್ಟ್ ಹೇಳುತ್ತಿದ್ದ. ನಡುವೆ ತಟ್ಟನೆ ನಿಲ್ಲಿಸಿ ಅವಳ ಕಡೆ ನೋಡುತ್ತಿದ್ದ. ಅವಳು ತಿರುಗಿದರೆ ಆ ಕಣ್ಣು ಪರದೆಗೆ ಹಾರಿಬಿಡುತ್ತಿತ್ತು. ಪರದೆಯ ಬೆಳಕಿನಲ್ಲಿ ಅವನ ಕಿವಿ ಮಾತ್ರ ಕೆಂಪಗೆ ಉಳಿಯುತ್ತಿತ್ತು. ನನ್ನ ತಪ್ಪು ಹುಡುಕುತ್ತಿದ್ದಾನೆ, ಅಷ್ಟೇ, ಎಂದು ಅವಳು ತೀರ್ಮಾನಿಸಿದ್ದಳು.

ತೀರ್ಮಾನಕ್ಕೆ ಕಾರಣವೂ ಇತ್ತು. ಒಮ್ಮೆ ಸರ್ಜನ್‌ಗಳೆಲ್ಲ ಕೂತಿದ್ದ ಮೀಟಿಂಗಿನಲ್ಲಿ ಅವಳು "ಲಿವರ್ ಸರಿಯಾಗಿದೆ" ಅಂದಾಗ ಇವನು ಮೆಲ್ಲಗೆ ಕೈಯೆತ್ತಿ, "ಆ ಅಂಚಲ್ಲಿ ಒಂದು ಚುಕ್ಕೆ ಇದೆ ಅನ್ಸುತ್ತೆ" ಅಂದಿದ್ದ. ಚುಕ್ಕೆ ಇತ್ತು. ರೋಗಿಗೆ ಒಳ್ಳೆಯದಾಯಿತು. ಅವಳಿಗೆ ಆ ದಿನದ ಊಟ ಗಂಟಲಲ್ಲಿ ಇಳಿಯಲಿಲ್ಲ.

ಈಗ ಅವನು ತೋರಿಸಿದ ಸಿಟಿ ಸ್ಕ್ಯಾನಿನಲ್ಲಿ ರೋಗಿಯ ಹೆಸರಿಲ್ಲ, ವಯಸ್ಸಿಲ್ಲ. ಎಲ್ಲವನ್ನೂ ಅಳಿಸಿದ್ದ.

"ಯಾರ್ದು ಇದು?"

"ಹೊರಗಡೆ ಮಾಡ್ಸಿದ್ದು. ನಿಮಗೇನನ್ಸುತ್ತೆ ಅಷ್ಟು ಹೇಳಿ ಸಾಕು."

"ಹೆಸ್ರು ಯಾಕೆ ತೆಗೆದ್ರಿ?"

"ಹೆಸ್ರು ನೋಡಿ ಕಾಯಿಲೆ ಹೇಳೋ ಹಾಗಿದ್ರೆ ನಾವಿಬ್ರೂ ಇಲ್ಲಿ ಯಾಕೆ ಕಣ್ಣು ಕೆಡಿಸ್ಕೋತಿದ್ವಿ ಡಾಕ್ಟ್ರೇ?"

ನಕ್ಕ. ನಗು ತುಟಿಯಿಂದ ಮೇಲೆ ಹೋಗಲಿಲ್ಲ. ಮೌಸ್ ಹಿಡಿದ ಬೆರಳು ಸುಮ್ಮಸುಮ್ಮನೆ ಕ್ಲಿಕ್ ಮಾಡುತ್ತಿತ್ತು. ಕಳ್ಳನಿಗೆ ಸಮಾಧಾನ ಎಲ್ಲಿಂದ ಬರಬೇಕು, ಅಂದುಕೊಂಡಳು.

ಮೇದೋಜೀರಕದ, ಅಂದರೆ ಪ್ಯಾಂಕ್ರಿಯಾಸಿನ, ತುದಿಯಲ್ಲಿ ದ್ರಾಕ್ಷಿಯಷ್ಟು ಗಂಟು. ಪಕ್ಕದಲ್ಲೇ ಗುಲ್ಮ, ಡಾಕ್ಟರುಗಳು ಸ್ಪ್ಲೀನ್ ಅನ್ನುವುದು. ಸ್ಕ್ಯಾನಿಗೆಂದು ಚುಚ್ಚಿದ ಔಷಧಿ ರಕ್ತಕ್ಕೆ ಹರಿದ ಮೊದಲ ಗಳಿಗೆಯಲ್ಲಿ ಗುಲ್ಮದ ಮೇಲೆ ಪಟ್ಟೆಪಟ್ಟೆಯಾಗಿ ಬೆಳಕು ಮೂಡುತ್ತದೆ, ಅದರ ರೀತಿಯೇ ಹಾಗೆ. ಗಂಟಿನೊಳಗೂ ಅದೇ ಪಟ್ಟೆ, ಅದೇ ಬೆಳಕು. ಇದು ಗಡ್ಡೆಯಲ್ಲ, ಹುಟ್ಟುವ ಮುಂಚೆಯೇ ದಾರಿ ತಪ್ಪಿ ಮೇದೋಜೀರಕದೊಳಗೆ ಸೇರಿಕೊಂಡ ಗುಲ್ಮದ ತುಣುಕು. ಯಾರಿಗೂ ಏನೂ ಕೇಡು ಮಾಡದ ತುಣುಕು. ಮಾತು ನಾಲಿಗೆಯ ತುದಿಗೆ ಬಂತು.

ಅಷ್ಟರಲ್ಲಿ ಸಂಶಯ ಅಡ್ಡ ಬಂತು. ಇಂಥದ್ದು ಇವನಿಗೇ ಗೊತ್ತಾಗುವುದಿಲ್ಲವೇ? ಗೊತ್ತಿದ್ದೂ ಯಾಕೆ ಕೇಳುತ್ತಿದ್ದಾನೆ? ನನ್ನ ಬಾಯಿಂದ 'ಗುಲ್ಮ' ಅನ್ನಿಸಿ, ನಾಳೆ ಎಲ್ಲರೆದುರು 'ಅದು ಟ್ಯೂಮರ್ ಆಗಿತ್ತು' ಅನ್ನಬೇಕೆಂದಿದ್ದಾನೆ. ಬೋನು ಇಟ್ಟಿದ್ದಾನೆ.

"ಹೇಳೋದು ಕಷ್ಟ," ಅಂದಳು, ಎರಡೂ ದಡಕ್ಕೆ ಕಾಲಿಟ್ಟು. "ಟ್ಯೂಮರ್ ಅಲ್ಲ ಅಂತ ಹೇಳಕ್ಕಾಗಲ್ಲ. ಸರ್ಜನ್ ಏನಂತಾರೋ ಹಾಗೆ ಮಾಡೋದು ಒಳ್ಳೇದು."

"ನಿಮಗೂ ಹಾಗೇ ಅನ್ಸುತ್ತಾ?"

"ಹೂಂ."

ಅವನು ಆ ಗಂಟನ್ನು ಇನ್ನೊಮ್ಮೆ ನೋಡಿದ. ಆಮೇಲೆ, "ಸರಿ ಬಿಡಿ. ಥ್ಯಾಂಕ್ಸ್," ಎಂದು ಪರದೆ ಆರಿಸಿದ.

ಮನೆಗೆ ಹೋಗಿ ತಂಗಿಗೆ ಇದನ್ನೆಲ್ಲ ಹೇಳಿದಳು. ತಂಗಿ ತಲೆಗೂದಲು ಬಾಚುತ್ತಾ ಕೇಳಿಸಿಕೊಂಡು, "ಅಕ್ಕಾ, ಬೆಳಿಗ್ಗೆ ಎದ್ರೆ ಅವನು, ಊಟಕ್ಕೆ ಕೂತ್ರೆ ಅವನು. ಸಂಶಯ ಪಡೋರೂ ಇಷ್ಟು ನೆನೆಸ್ಕೊಳಲ್ಲಮ್ಮ," ಅಂದಳು.

"ಬಾಯ್ಮುಚ್ಚೇ. ಅವನು ಎಂಥವನು ಅಂತ ನಿನಗೇನು ಗೊತ್ತು?"

"ನಿನಗೂ ಗೊತ್ತಿಲ್ಲ ಅನ್ನೋದೇ ಮಜಾ."

ಆ ವಾರ ಸಂಶಯಕ್ಕೆ ಮೇವು ಚೆನ್ನಾಗಿ ಸಿಕ್ಕಿತು. ಕೆಲಸಕ್ಕೆ ಆಯ್ಕೆ ಮಾಡುವ ಸಮಿತಿಯಲ್ಲಿ ಹಿರಿಯ ಸರ್ಜನ್ ಇದ್ದರು. ಆ ಸರ್ಜನ್ ಕೋಣೆಯಿಂದ ನಿಧಾನಿ ಹೊರಬರುವುದನ್ನು ಎಂಆರ್‌ಐ ಅಕ್ಕ ಕಂಡಿದ್ದಳು. "ಬಾಗಿಲು ಹಾಕ್ಕೊಂಡು ಮಾತಾಡಿದ್ರಪ್ಪ. ನನ್ನ ನೋಡಿ ಬೆಚ್ಚಿಬಿದ್ರು," ಎಂದು ಕಣ್ಣರಳಿಸಿ ವರದಿ ಒಪ್ಪಿಸಿದಳು. ಅದರ ಬೆನ್ನಿಗೇ ಅವನು ಅವಳ ಬಳಿ ಬಂದು, "ಮುಂದಿನ ವಾರ ನನ್ನ ಡ್ಯೂಟಿ ನೋಡ್ಕೋತೀರಾ? ಸ್ವಲ್ಪ ದಿನ ಇರಲ್ಲ," ಅಂದ.

"ಎಲ್ಲಿಗೆ?"

"ಹೀಗೇ... ಸ್ವಂತ ಕೆಲ್ಸ."

ಸ್ವಂತ ಕೆಲಸವೋ, ಈ ಕೆಲಸವನ್ನೇ ಸ್ವಂತ ಮಾಡಿಕೊಳ್ಳುವ ಕೆಲಸವೋ! ಮರುದಿನ ಮಧ್ಯಾಹ್ನ ಅವನು ಮೈಕು ಕೆಳಗಿಟ್ಟು ಸದ್ದಿಲ್ಲದೆ ಎದ್ದು ಹೋದಾಗ ಅವಳೂ ಎದ್ದಳು. ಅವನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದ. ಸರ್ಜರಿ ವಿಭಾಗದ ಕಾರಿಡಾರಿಗೆ ತಿರುಗಿದ. ಇವತ್ತು ಕೈಗೆ ಸಿಕ್ಕಿಬಿದ್ದ, ಅಂದುಕೊಂಡು ಅವಳು ಹೆಜ್ಜೆ ಬಿರುಸು ಮಾಡಿದಳು.

ಅವನು ಸರ್ಜನ್ ಕೋಣೆಗೆ ಹೋಗಲಿಲ್ಲ. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರನ್ನು ಕಾಣಬೇಕಾದವರು ಕೂರುವ ಬೆಂಚಿನಲ್ಲಿ, ಒಬ್ಬ ಮುದುಕರ ಪಕ್ಕ, ಕೈಕಟ್ಟಿ ಕೂತ. ಕತ್ತಿನಲ್ಲಿ ಆಸ್ಪತ್ರೆಯ ಬ್ಯಾಡ್ಜ್ ಇರಲಿಲ್ಲ.

ಅವಳು ನೇರ ಎದುರು ಹೋಗಿ ನಿಂತಳು. "ಯಾರಿಗೆ ಕಾಯ್ತಿದ್ದೀರಿ?"

ಅವನ ಮುಖದ ಬಣ್ಣ ಇಳಿಯಿತು. "ನೀವು ಇಲ್ಲಿ..."

ಒಳಗಿನಿಂದ ನರ್ಸ್ ತಲೆ ಹೊರಹಾಕಿ ಕೂಗಿದಳು: "ಪ್ಯಾಂಕ್ರಿಯಾಸ್ ಆಪರೇಷನ್ ಪೇಶಂಟ್ ಯಾರ್ರೀ? ಬನ್ನಿ."

ಅವನು ಎದ್ದು ನಿಂತ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮುದುಕರ ಕಡೆ ನೋಡಿದಳು. ಅವರು ಕೂತೇ ಇದ್ದರು. ಪೇಶಂಟ್ ಇವನೇ ಎಂದು ಆಗ ಹೊಳೆಯಿತು. ನರ್ಸಿಗೆ "ಒಂದ್ನಿಮಿಷ ಸಿಸ್ಟರ್" ಅಂದು ಅವನ ತೋಳು ಹಿಡಿದು ಕಿಟಕಿಯ ಬಳಿ ಎಳೆದುಕೊಂಡು ಹೋದಳು.

"ಆ ಸ್ಕ್ಯಾನ್?"

"ನಂದೇ," ಅಂದ. "ಕಿಡ್ನಿ ಸ್ಟೋನ್ ನೋವು ಅಂತ ಹೊರಗೆ ಮಾಡಿಸ್ದೆ. ಕಲ್ಲು ಹೋಯ್ತು, ಇದು ಸಿಕ್ತು. ಟ್ಯೂಮರ್ ಇರಬಹುದು ಅಂತ ಬರ್ದಿದ್ರು. ಸರ್ಜನ್ ಸಾರ್ ತೆಗ್ದುಬಿಡೋಣ ಅಂದ್ರು. ಮೀಟಿಂಗಿಗೆ ತರಬೇಡಿ ಅಂತ ನಾನೇ ಕೈಮುಗಿದೆ. ಆಯ್ಕೆ ಮುಗಿಯೋವರ್ಗೂ ಯಾರಿಗೂ ಗೊತ್ತಾಗೋದು ಬೇಡ ಅಂತ."

"ನನಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ನನ್ನ ನೋಡ್ತಿದ್ರಿ, ಸ್ಕ್ಯಾನ್ ನೋಡ್ತಿರ್ಲಿಲ್ಲ." ಸ್ವಲ್ಪ ತಡೆದು ಹೇಳಿದ: "ಎಷ್ಟು ಸಲ ಓದಿದ್ರೂ ನನ್ನ ಹೊಟ್ಟೆ ನನಗೇ ಓದಕ್ಕಾಗ್ಲಿಲ್ಲ ರೀ. ಹೆದ್ರಿಕೆ. ನಿಮಗೆ ಒಂದು ನೋಟ ಸಾಕು, ಗೊತ್ತಾಗ್ಬಿಡುತ್ತೆ. ನೀವು ಓದೋದನ್ನ ನಾನು ದಿನಾ ಕೂತು ನೋಡಿದ್ದೀನಲ್ಲ. ಅದಕ್ಕೇ, ನೀವು ಏನಂತೀರೋ ಅದೇ ಸರಿ ಅಂತ ಬಂದೆ."

ಮೀಟಿಂಗಿನ ಅವಮಾನ ಈಗಿನ ನಾಚಿಕೆಯ ಮುಂದೆ ಏನೂ ಅಲ್ಲ ಅನ್ನಿಸಿತು ಅವಳಿಗೆ.

"ನಾನು ಸುಳ್ಳು ಹೇಳ್ದೆ," ಅಂದಳು. "ಅದು ಟ್ಯೂಮರ್ ಅಲ್ಲ. ಸ್ಪ್ಲೀನ್ ತುಣುಕು. ಪಟ್ಟೆ ನೋಡಿದ ತಕ್ಷಣ ಗೊತ್ತಾಯ್ತು. ನೀವು ನನ್ನ ಸಿಕ್ಕಿಸ್ತಿದ್ದೀರಿ ಅನ್ಕೊಂಡು ಹಾಗಂದೆ."

ಅವನು ಅವಳನ್ನೇ ನೋಡಿದ. ಈ ಸಲ ಕಣ್ಣು ಹಾರಲಿಲ್ಲ. ಆದರೆ ಆ ಕಣ್ಣಿನಲ್ಲಿ ಅವಳಿಗೆ ಬಹಳ ಪರಿಚಯವಾದದ್ದೊಂದು ಕಂಡಿತು. ಸಂಶಯ.

"ಈಗ ನನ್ನ ಸ್ಕ್ಯಾನ್ ಅಂತ ಗೊತ್ತಾಯ್ತು. ಸಮಾಧಾನಕ್ಕೆ ಹೇಳ್ತಿದ್ದೀರಿ."

"ಇಲ್ಲ ರೀ!"

"ಆವತ್ತು ಕಷ್ಟ ಅಂದ್ರಿ. ಇವತ್ತು ಸುಲಭ ಅಂತಿದ್ದೀರಿ. ನಾನು ಯಾವ್ದನ್ನ ನಂಬ್ಲಿ ಹೇಳಿ?"

ಅವನು ನರ್ಸ್ ಕಡೆ ಹೆಜ್ಜೆ ಹಾಕಿದಾಗ ಅವಳು ಅಡ್ಡ ನಿಂತಳು.

"ನನ್ನ ನಂಬಬೇಡಿ. ಇದನ್ನ ಖಚಿತ ಮಾಡೋ ಪರೀಕ್ಷೆ ಇದ್ಯಲ್ಲ, ಅದನ್ನ ನಂಬಿ. ಆಪರೇಷನ್ ಒಂದೆರಡು ದಿನ ಮುಂದಕ್ಕೆ ಹೋದ್ರೆ ಆಕಾಶ ಕಳಚಿ ಬೀಳಲ್ಲ. ಮೇಡಂ ಹತ್ರ ನಾನೇ ಮಾತಾಡ್ತೀನಿ. ನಾನು ಹೇಳಿದ್ದು ತಪ್ಪಾದ್ರೆ ಈ ಕೆಲ್ಸಕ್ಕೆ ಅರ್ಜಿನೇ ಹಾಕಲ್ಲ, ಸರೀನಾ?"

"ಕೆಲ್ಸದ ಮಾತು ಬೇಡ," ಅಂದ ಅವನು, ದನಿ ಒಡೆದು. "ನೀವು ಹೇಳಿದ್ದು ತಪ್ಪಾದ್ರೆ ನನ್ನ ಗತಿ ಏನು ಅಂತ ಯೋಚ್ನೆ ಮಾಡಿ."

"ಅದನ್ನ ಯೋಚ್ನೆ ಮಾಡಿಯೇ ಅಡ್ಡ ನಿಂತಿರೋದು."

ದೊಡ್ಡ ಮೇಡಂ ಎಲ್ಲವನ್ನೂ ಕೇಳಿ ಮೊದಲು ಇಬ್ಬರನ್ನೂ ಚೆನ್ನಾಗಿ ಬೈದರು. ಕಾಯಿಲೆ ಮುಚ್ಚಿಟ್ಟವನಿಗೆ ಒಂದು ಪಾಲು, ಕಂಡದ್ದನ್ನು ಕಂಡ ಹಾಗೆ ಹೇಳದವಳಿಗೆ ಎರಡು ಪಾಲು. "ಪರದೆ ಮುಂದೆ ಕೂತಾಗ ಅಲ್ಲಿರೋದು ರೋಗಿ ಒಬ್ರೇ. ನಿನ್ನ ಸಿಟ್ಟು ಸೆಡವು ಎಲ್ಲ ಬಾಗಿಲಾಚೆ ಬಿಟ್ಟು ಬಾ." ಅವಳು ತಲೆ ತಗ್ಗಿಸಿ ನಿಂತಳು. ಆಮೇಲೆ ಮೇಡಂ ಸ್ಕ್ಯಾನ್ ತೆರೆದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, "ನೀನು ಹೇಳಿದ್ದು ಸರಿ ಇರೋ ಹಾಗಿದೆ. ಇರೋ ಹಾಗಿದೆ ಅಂದ್ರೆ ಸಾಲಲ್ಲ. ಖಚಿತ ಮಾಡ್ಕೋಬೇಕು," ಅಂದರು.

ಅದಕ್ಕೆ ದಾರಿಯಿತ್ತು. ರೋಗಿಯ ರಕ್ತಕಣಗಳನ್ನೇ ಸ್ವಲ್ಪ ಬಿಸಿ ಮಾಡಿ, ಚೂರೇ ಚೂರು ವಿಕಿರಣ ಬೆರೆಸಿ ಮತ್ತೆ ಮೈಗೆ ಕೊಡುತ್ತಾರೆ. ಅಂಥ ಕಣಗಳನ್ನು ಹಿಡಿದಿಟ್ಟುಕೊಳ್ಳುವುದು ಗುಲ್ಮದ ಕೆಲಸ. ಗಂಟು ಗುಲ್ಮದ್ದೇ ಆದರೆ ಅದೂ ಹಿಡಿದುಕೊಂಡು ಹೊಳೆಯುತ್ತದೆ. ಗಡ್ಡೆಯಾದರೆ ಕತ್ತಲಾಗಿಯೇ ಉಳಿಯುತ್ತದೆ.

ಪರೀಕ್ಷೆಯ ದಿನ ಅವನು ಯಂತ್ರದ ಕೆಳಗೆ ಮಲಗಿದ್ದ. ಅವಳು ಗಾಜಿನ ಈಚೆ ಉಗುರು ಕಚ್ಚುತ್ತಾ ನಿಂತಿದ್ದಳು. ತನ್ನ ಕಣ್ಣನ್ನು ತಾನೇ ನಂಬದ ಗಳಿಗೆ ಅದು. ಪಟ್ಟೆ ನಿಜವಾಗಿಯೂ ಕಂಡಿದ್ದೆನೇ? ಅವನು ಬದುಕಲಿ ಅನ್ನುವ ಆಸೆಯೇ ಈಗ ಪಟ್ಟೆ ಬಳಿಯುತ್ತಿದೆಯೇ? ಕೆಲಸ ಬಿಟ್ಟು ಬಂದು ಪಕ್ಕ ನಿಂತಿದ್ದ ಎಂಆರ್‌ಐ ಅಕ್ಕ ಅವಳ ಭುಜದ ಮೇಲೆ ಕೈಯಿಟ್ಟಳು. "ನಾನೂ ಸುಮ್ನೆ ಬಾಯಿ ಬಿಟ್ಟೆ ಡಾಕ್ಟ್ರಮ್ಮ. ಪಾಪ."

ಪರದೆಯ ಮೇಲೆ ಗುಲ್ಮ ಮೊದಲು ಬೆಳಗಿತು. ಅದರ ಮಗ್ಗುಲಲ್ಲಿ, ಮೇದೋಜೀರಕದ ತುದಿಯಲ್ಲಿ, ಒಂದು ಸಣ್ಣ ದೀಪ ಹೊತ್ತಿಕೊಂಡಿತು.

ಅವಳಿಗೆ ಪರದೆ ಮಂಜಾಯಿತು. ದೊಡ್ಡ ಮೇಡಂ ಹತ್ತಿರ ಬಂದು ನೋಡಿ, "ಆಪರೇಷನ್ ಕ್ಯಾನ್ಸಲ್ ಮಾಡಕ್ಕೆ ಹೇಳಿ," ಅಂದು, ಹೊರಗೆ ಹೋಗುತ್ತಾ, "ಅಳು ನಿಲ್ಸಿ ಆ ಹುಡುಗನಿಗೆ ಹೋಗಿ ಹೇಳಮ್ಮ," ಅಂದರು.

ಅವನು ಆಸ್ಪತ್ರೆಯ ಹಿಂಭಾಗದ ಅಂಗಳದಲ್ಲಿ ಕೂತಿದ್ದ. ಉದ್ದನೆಯ ಸಿಮೆಂಟಿನ ಕಟ್ಟೆ, ಸಂಜೆ ಬಿಸಿಲು. ಅವಳು ಬರುವುದನ್ನು ಕಂಡು ಮುಖ ಓದಿದ. ನಿಧಾನವಾಗಿಯೇ ಓದಿದ. ಓದಿ ಮುಗಿದಾಗ ಕಣ್ಣು ಮುಚ್ಚಿ ಉಸಿರು ಬಿಟ್ಟ.

"ಹೊಳೀತಾ?"

"ಜಗಜಗ ಅಂತ."

ಅವಳು ಹತ್ತಿರ ಬರುತ್ತಿದ್ದಂತೆ ಅವನು ಕೈ ಅಡ್ಡ ಹಿಡಿದ. "ಅಲ್ಲೇ, ಅಲ್ಲೇ! ಮೈಯಲ್ಲಿ ವಿಕಿರಣ ಇದೆ. ಇವತ್ತು ದೂರ ಇರ್ಬೇಕಂತೆ."

ಅವಳು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಬಿಸಿಲು ಮಾತ್ರ.

"ಅಷ್ಟು ದಿನ ನನ್ನ ಕಡೆ ಕದ್ದು ನೋಡ್ತಿದ್ರಲ್ಲ," ಅಂದಳು, "ನಾನು ಓದೋದನ್ನ ಕಲಿಯಕ್ಕೆ ಮಾತ್ರಾನಾ?"

"ಮೊದಮೊದಲು ಹೌದು."

"ಆಮೇಲೆ?"

ಅವನು ಅಂಗೈ ತಿರುಗಿಸಿ ನೋಡಿಕೊಂಡ. "ಆಮೇಲೆ ಓದೋದು ಬಿಟ್ಟು ಓದೋರನ್ನೇ ನೋಡ್ತಿದ್ದೆ. ಹೇಳೋಣ ಅಂದ್ರೆ ಕೆಲ್ಸಕ್ಕೋಸ್ಕರ ಮೆತ್ತಗಾಗ್ತಿದ್ದಾನೆ ಅಂತ ನೀವು ಸಂಶಯ ಪಡ್ತೀರಿ ಅನ್ನಿಸ್ತು."

"ಪಡ್ತಿದ್ದೆ."

"ಈಗ?"

ಅವನ ಕಿವಿ ಕೆಂಪಾಗುವುದನ್ನು ಹಗಲು ಬೆಳಕಿನಲ್ಲಿ ಇದೇ ಮೊದಲು ನೋಡುತ್ತಿದ್ದಳು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು:

"ಅಲ್ರೀ, ಈ ಪರೀಕ್ಷೆ ಆದ್ಮೇಲೆ ದೂರ ಇರ್ಬೇಕು ಅಂತ ಹೇಳೋದು ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಅಲ್ವಾ?"

"ಹಾಂ... ಹೌದು, ಅವರಿಗೇ."

"ನಾನು ಎರಡೂ ಅಲ್ಲ."

"ಅಲ್ಲ."

"ಮತ್ತೆ ನನ್ನ ಇಷ್ಟು ದೂರ ಯಾಕೆ ಕೂರಿಸಿದೆ?"

ಹತ್ತಿರ ಕೂತರೆ ಬಾಯಿಂದ ಮಾತೇ ಹೊರಡುವುದಿಲ್ಲ ಎಂದು ಅವನು ಪಿಸುಗುಟ್ಟಿದ. ಅಷ್ಟು ದೂರಕ್ಕೆ ಅದು ಕೇಳಿಸುವಂತಿರಲಿಲ್ಲ. ಅವಳು ಎದ್ದು ಬಂದು ಅವನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತು, "ಈಗ ಹೇಳು," ಅಂದಳು.