ಒಪ್ಪ ಹಾಕಿದ ಕೈ

ಮಣಿದುರ್ಗದ ಏಳು ಸುತ್ತಿನ ಕರಿಗಲ್ಲ ಕೋಟೆಯ ಬತೇರಿಗಳ ಮೇಲೆ ವಿಜಯಪತಾಕೆಗಳು ಇನ್ನೂ ಹೊಸತಾಗಿದ್ದವು. ಹೆಬ್ಬಾಗಿಲಿನಲ್ಲಿ ನೌಬತ್ತು ಮೊಳಗುತ್ತಿತ್ತು. ಸಂತೆಬೀದಿಯಲ್ಲಿ ಅರಬ್ಬೀ ಕುದುರೆಗಳ ಕೆನೆತ, ಚೌಕಾಸಿಯ ಕೂಗು, ಬಿಸಿಲಿಗೆ ಬಾಡುತ್ತಿದ್ದ ಸೇವಂತಿಗೆಯ ಕಂಪು ಒಂದರೊಳಗೊಂದು ಬೆರೆತಿದ್ದವು. ಶತ್ರುವನ್ನು ಗಡಿಯಾಚೆ ಅಟ್ಟಿ ಮೂರು ತಿಂಗಳಾಗಿತ್ತು. ಊರಿಗೆ ಊರೇ ದಳವಾಯಿ ರಣಭೈರಪ್ಪನ ಹೆಸರನ್ನು ಜಪಿಸುತ್ತಿತ್ತು. ಕುದುರೆ ಸವಾರರ ರಾವುತಗೇರಿಯೊಂದೇ ಮೌನವಾಗಿತ್ತು. ಅಲ್ಲಿ ನಲವತ್ತಮೂರು ಮನೆಗಳ ಹೆಂಗಸರು ಆ ಪತಾಕೆಗಳತ್ತ ತಲೆಯೆತ್ತಿಯೂ ನೋಡುತ್ತಿರಲಿಲ್ಲ.

ಅರಮನೆಯ ಓಲೆಶಾಲೆಯಲ್ಲಿ ಕರಣಿಕ ಲಕ್ಕರಸಯ್ಯ ಮಧ್ಯಾಹ್ನವಾಗುವುದನ್ನೇ ಹೆದರಿ ಕಾಯುತ್ತಿದ್ದ. ರಾಜ್ಯದ ಭೂಮಿಯ ಲೆಕ್ಕವೆಲ್ಲ ಇಪ್ಪತ್ತಾರು ವರ್ಷಗಳಿಂದ ಅವನ ಕೈಯಲ್ಲಿತ್ತು. ಸೂರ್ಯ ನೆತ್ತಿಗೆ ಬಂದು ಲೇಖಕರು ಊಟಕ್ಕೆದ್ದು ಹೋದೊಡನೆ ಆ ಬರಿದಾದ ಶಾಲೆಯಲ್ಲಿ ಕುದುರೆಬೆವರಿನ ವಾಸನೆ ಏಳುತ್ತಿತ್ತು. ಆಮೇಲೆ ಯುದ್ಧದಿಂದ ಮರಳದ ಆ ರಾವುತರು ಬರುತ್ತಿದ್ದರು. ಗೋಡೆಗೊರಗಿ ಸಾಲಾಗಿ ಕೂರುತ್ತಿದ್ದರು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಓಲೆ ಬರೆಸಲು ಬಂದ ಒಕ್ಕಲಿನವರ ತಾಳ್ಮೆಯಿಂದ ಒಂದೇ ಮಾತು ಕೇಳುತ್ತಿದ್ದರು: "ಓದಿ ಹೇಳಿ, ಕರಣಿಕರೇ."

ಕೇಳುವ ಹಕ್ಕು ಅವರಿಗಿತ್ತು. ಮಣಿದುರ್ಗದಲ್ಲಿ ಭೂಮಿ ಕೈ ಬದಲಾಯಿಸುವ ಕ್ರಮ ಬಹಳ ಕಟ್ಟುನಿಟ್ಟು. ಕ್ರಯವಾದರೆ ಹೆಂಡತಿ, ಮಕ್ಕಳು, ದಾಯಾದಿಗಳ ಸಮ್ಮತಿ ಬೇಕು. ನಾಲ್ಕು ಎಲ್ಲೆಗಳನ್ನು ಹೆಸರಿಸಿ, ಕೈನೀರೆರೆದು ಕೊಡಬೇಕು. ಹಾಗೆ ಕೊಟ್ಟರೆ ನೆಲ, ನೆಲದೊಳಗಿನ ನಿಧಿ, ಮರ, ಕಲ್ಲು, ಜಲ ಎಲ್ಲವೂ ಕೊಂಡವನದು. ಭೋಗ್ಯದ ಮಾತೇ ಬೇರೆ. ಸಾಲಕ್ಕೆ ಆಧಾರವಾಗಿ ಹೊಲ ಪಡೆದವನು ಬೆಳೆಯನ್ನಷ್ಟೇ ಉಣ್ಣಬಹುದು. ಸಾಲ ತೀರಿದ ದಿನ, ಅದು ಮೊಮ್ಮಗನ ಕಾಲಕ್ಕೇ ಆಗಲಿ, ಎದ್ದು ನಡೆಯಬೇಕು. ಯಾವುದಾದರೂ ಸರಿ, ಓಲೆಯನ್ನು ಕೊಡುವವನಿಗೆ ಮೂರು ಸಲ ಓದಿ ಹೇಳಿ, ಅವನ ಗುರುತು ಬಿದ್ದಮೇಲೆಯೇ ಕರಣಿಕ ತನ್ನ ಒಪ್ಪ, ಎಂದರೆ ರುಜು, ಹಾಕಬೇಕು. ಆ ಒಪ್ಪದೆದುರು ಬೇರಾವ ಸಾಕ್ಷಿಯೂ ನಿಲ್ಲದು. ಅದನ್ನು ಅಳಿಸಬಲ್ಲವನು ಹಾಕಿದವನೊಬ್ಬನೇ. ಆದರೆ ತನ್ನದು ಸುಳ್ಳೊಪ್ಪವೆಂದು ನುಡಿದ ಕರಣಿಕನ ಬಲಗೈಯನ್ನು ಮಣಿಕಟ್ಟಿಗೆ ಕಡಿಯುತ್ತಿದ್ದರು. ಕೈ ಬಿದ್ದಾಗಲೇ ಒಪ್ಪವೂ ಬಿತ್ತೆಂದು ಶಾಸನ.

ದಂಡು ಹೊರಡುವ ಹಿಂದಿನ ದಿನ ನಲವತ್ತಮೂರು ರಾವುತರು ಕುದುರೆ ಕೊಳ್ಳುವ ಸಾಲಕ್ಕಾಗಿ ತಮ್ಮ ಹೊಲಗಳನ್ನು ದಳವಾಯಿಗೆ ಭೋಗ್ಯಕ್ಕೆ ಬಿಡಲು ಬಂದಿದ್ದರು. ಸಮಯವಿರಲಿಲ್ಲ. "ಒಕ್ಕಣೆ ಆಮೇಲೆ ಬರೆದುಕೊಂಡರಾಯಿತು, ಲಕ್ಕರಸಯ್ಯನವರೇ. ಭೋಗ್ಯವೆಂದು ಎಲ್ಲರಿಗೂ ತಿಳಿದೇ ಇದೆಯಲ್ಲ," ಎಂದಿದ್ದ ರಣಭೈರಪ್ಪ. ಲಕ್ಕರಸಯ್ಯ ಬರಿಯ ಓಲೆಗಳ ಕೆಳಗೆ ನಲವತ್ತಮೂರು ಸಲ ಒಪ್ಪ ಹಾಕಿದ. ರಾವುತರು ಕಠಾರಿಯ ಗುರುತು ಗೀರಿ, ನಗುನಗುತ್ತಾ ಕುದುರೆಯೇರಿದರು. ಮುಂಚೂಣಿಯಲ್ಲಿ ಅವರನ್ನೇ ನಿಲ್ಲಿಸಲಾಯಿತು. ಒಬ್ಬನೂ ಮರಳಲಿಲ್ಲ.

ಆ ಮಧ್ಯಾಹ್ನ ಓಲೆಶಾಲೆಯಲ್ಲಿ ಸತ್ತವರ ನಡುವೆ ಬದುಕಿದ್ದವಳೊಬ್ಬಳು ಬಂದು ನಿಂತಳು. ಅವಳು ಸಾಕವ್ವೆ, ರಾವುತ ತಿಪ್ಪನಾಯಕನ ವಿಧವೆ.

"ಏನ್ರೀ ಕರಣಿಕರೇ, ಗಾಳಿ ಜೊತೆ ಮಾತಾಡ್ತಾ ಕೂತಿದೀರಲ್ಲ. ನನ್ನ ಜೊತೆನೂ ಎರಡು ಮಾತಾಡಿ," ಎಂದಳು. "ಬಳೆ ಬುಗುಡಿ ಎಲ್ಲಾ ಮಾರಿ ಕುದುರೆ ಸಾಲ ತೀರಿಸೋಕೆ ಹೋದೆ. ದಳವಾಯಿ ಮನೆ ಪಾರುಪತ್ಯಗಾರ ನಕ್ಕುಬಿಟ್ಟ. ನನ್ನ ಗಂಡ ಹೊಲ ಮಾರೇಬಿಟ್ಟಿದಾನಂತೆ. ಅದಕ್ಕೆ ನಾನೂ ಒಪ್ಪಿದೀನಂತೆ. ಕೈನೀರು ಯಾವಾಗ ಎರೆದೆ, ಕನಸಿನಲ್ಲೇನು?"

"ಓಲೆ ನೋಡಿದೆಯಾ, ತಾಯಿ?"

"ನೋಡಿದೆ. ಓದೋಕೆ ಬರಲ್ಲ. ನಿಮ್ಮ ಒಪ್ಪ ಇದೆ ಅಂದರು. ಈಗ ಹೊಲದಲ್ಲಿ ಉಳೋರು ಯಾರೂ ಇಲ್ಲ, ಕಲ್ಲುಕುಟಿಗರು ಬಂದಿದಾರೆ. ಕಾಲುವೆ ಬಾಯಿಗೆ ಕಟ್ಟೆ ಕಟ್ತಾ ಇದಾರೆ."

ಲಕ್ಕರಸಯ್ಯನಿಗೆ ದಳವಾಯಿಯ ಹೂಟ ಈಗ ತಿಳಿಯಿತು. ಹಿರಿಕೆರೆಯ ನೀರು ಕೋಟೆಯೊಳಕ್ಕೆ ಬರುವ ಕಾಲುವೆಯ ಬಾಯಿ ತಿಪ್ಪನಾಯಕನ ಹೊಲದಲ್ಲಿತ್ತು. ಭೋಗ್ಯದಾರನಾಗಿ ದಳವಾಯಿಗೆ ಆ ನೀರಿನ ಒಂದು ಬೊಗಸೆಯ ಮೇಲೂ ಹಕ್ಕಿರಲಿಲ್ಲ. ಕ್ರಯದಾರನಾದರೆ ಅದನ್ನು ನಿಲ್ಲಿಸಲೂ ಬಲ್ಲ. ಹತ್ತೊಂಬತ್ತರ ಹರೆಯದ ಅರಸು ಚೆನ್ನವೀರರಾಯನಿಗೆ ಸಿಂಹಾಸನವಿತ್ತು, ಕುಡಿಯುವ ನೀರು ಮಾತ್ರ ಇನ್ನು ಪರರ ಕೈಯಲ್ಲಿ.

ಸಂಜೆಯೊಳಗೆ ರಣಭೈರಪ್ಪನ ಪಲ್ಲಕ್ಕಿ ಓಲೆಶಾಲೆಯ ಮುಂದಿಳಿಯಿತು.

"ಆ ಹೆಂಗಸು ನಾಳೆ ಆಸ್ಥಾನದಲ್ಲಿ ಮೊರೆಯಿಡುತ್ತಾಳಂತೆ," ಎಂದು ಅವನು ಮೃದುವಾಗಿ ನಕ್ಕ. "ಓಲೆ ಇದೆ, ಸ್ವಾಧೀನವೂ ನಮ್ಮದು. ನೀವು ಸುಮ್ಮನಿದ್ದರೆ ಸಾಕು. ಪ್ರಧಾನರಿಗೆ ವಯಸ್ಸಾಯಿತಲ್ಲವೇ? ಆ ಪೀಠಕ್ಕೆ ನಿಮ್ಮಂಥವರು ಬೇಕು. ಇಲ್ಲವೆಂದಿರೋ, ಎಡಗೈಯಲ್ಲಿ ಊಟ ಮಾಡುವುದನ್ನು ಈಗಿನಿಂದಲೇ ರೂಢಿಮಾಡಿಕೊಳ್ಳಿ."

ಲಕ್ಕರಸಯ್ಯ ಕಣ್ಣೆತ್ತಿದ. ದಳವಾಯಿಯ ಬೆನ್ನ ಹಿಂದೆ, ಬರಬಾರದ ಹೊತ್ತಿನಲ್ಲಿ, ಸತ್ತವರು ಬಂದು ನಿಂತಿದ್ದರು.

ಮರುದಿನ ಬೆಳಗ್ಗೆ ತುಂಬಿದ ಆಸ್ಥಾನದಲ್ಲಿ ಸಾಕವ್ವೆಯ ಮೊರೆ ಮುಗಿಯುತ್ತಲೇ ದಳವಾಯಿ ಓಲೆಯನ್ನು ಮುಂದಿಟ್ಟ. ಅರಸು ಅದನ್ನು ಕರಣಿಕನತ್ತ ಚಾಚಿದ.

"ಇದು ನಿಮ್ಮ ಒಪ್ಪವೇ, ಕರಣಿಕರೇ?"

"ನನ್ನದೇ, ಮಹಾಸ್ವಾಮಿ."

ದಳವಾಯಿ ಮೀಸೆ ನೇವರಿಸಿದ. ಸಾಕವ್ವೆ ನೆಲಕ್ಕೆ ಉಗಿದಳು.

"ಹಾಗಾದರೆ ಓದಿ."

ಲಕ್ಕರಸಯ್ಯ ಓಲೆಯನ್ನೆತ್ತಿಕೊಂಡ. ಕಂಬಗಳ ಸಂದಿನಲ್ಲಿ ಸತ್ತವರ ಮುಖಗಳು ಕಿವಿಗೊಟ್ಟು ನಿಂತಿದ್ದವು. ಕುದುರೆಬೆವರಿನ ವಾಸನೆಗೆ ಅವನ ಉಸಿರು ಕಟ್ಟುತ್ತಿತ್ತು. ಆದರೂ ಓದಿದ. "ಸ್ತ್ರೀ ಪುತ್ರ ದಾಯಾದಾನುಮತದಿಂದ, ಧಾರಾಪೂರ್ವಕವಾಗಿ, ಜಲ ಪಾಷಾಣ ನಿಧಿ ಸಹಿತವಾಗಿ ಕ್ರಯಕ್ಕೆ ಕೊಟ್ಟೆನು..." ಮೂರನೆಯ ಸಲ ಓದಿ ಮುಗಿಸಿ ಓಲೆಯನ್ನು ಕೆಳಗಿಟ್ಟ.

"ಮಹಾಸ್ವಾಮಿ, ಈ ಒಕ್ಕಣೆಯನ್ನು ತಿಪ್ಪನಾಯಕ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಾನು ಒಪ್ಪ ಹಾಕಿದಾಗ ಈ ಓಲೆಯ ಮೇಲೆ ಒಂದಕ್ಷರವೂ ಇರಲಿಲ್ಲ. ಇದೊಂದೇ ಅಲ್ಲ, ನಲವತ್ತಮೂರೂ ಹಾಗೆಯೇ. ಅವರು ಬಿಟ್ಟದ್ದು ಭೋಗ್ಯಕ್ಕೆ. ಕ್ರಯವೆಂಬುದು ಸುಳ್ಳು. ಆ ಸುಳ್ಳಿಗೆ ಎಡೆಮಾಡಿಕೊಟ್ಟವನು ನಾನು."

"ಸುಳ್ಳು!" ದಳವಾಯಿ ಗರ್ಜಿಸಿದ. "ಯಾರದೋ ಆಮಿಷಕ್ಕೆ ಬಿದ್ದು ಬೊಗಳುತ್ತಿದ್ದಾನೆ!"

ಸಭೆ ಕಲಕಿತು. ಅರಸು ಎದ್ದು ನಿಂತ. ಎಳೆಯ ಮುಖ ಬಿಳಿಚಿತ್ತು. "ಕರಣಿಕರೇ, ಸತ್ಯ ನುಡಿದಿರಿ. ನಿಮ್ಮ ತಪ್ಪನ್ನು ಮನ್ನಿಸಿದ್ದೇವೆ."

"ಮನ್ನಿಸಬಾರದು, ಮಹಾಸ್ವಾಮಿ."

"ಏಕೆ?"

"ನನ್ನ ಕೈ ಉಳಿದರೆ ದಳವಾಯಿಗಳ ಮಾತೇ ನಿಜವಾಗುತ್ತದೆ; ಅರಸರು ಕ್ಷಮೆ ಕೊಟ್ಟು ಈ ನುಡಿಯನ್ನು ಕೊಂಡರು ಎನ್ನುತ್ತಾರೆ. ಕೈ ಇರುವ ತನಕ ಒಪ್ಪವೂ ನಿಂತಿರುತ್ತದೆ. ಒಪ್ಪ ನಿಂತರೆ ಆ ನಲವತ್ತಮೂರು ಮನೆಗಳಿಗೆ ಹೊಲವಿಲ್ಲ, ಕೋಟೆಗೆ ನೀರಿಲ್ಲ. ಶಾಸನ ನಡೆಯಲಿ."

ಅರಸು ಕರಣಿಕನ ಕೈಯನ್ನೊಮ್ಮೆ ನೋಡಿದ. ಆಮೇಲೆ, ಎಲ್ಲರೂ ಕಾಣುವಂತೆ, ಒಪ್ಪಿಗೆಯಾಗಿ ತಲೆಯಾಡಿಸಿದ.

ದಳವಾಯಿಯ ಕತ್ತಿಯನ್ನು ಆ ಸಭೆಯಲ್ಲೇ ಕಳಚಿಕೊಂಡು ಅವನನ್ನು ಸೆರೆಗೊಯ್ದರು. ನಲವತ್ತಮೂರು ಓಲೆಗಳನ್ನು ತಂದು ಅಂಗಳದ ಬಂಡೆಗಲ್ಲಿನ ಬಳಿ ರಾಶಿ ಹಾಕಿದರು. ಲಕ್ಕರಸಯ್ಯ ಯಾರೂ ಹಿಡಿಯುವ ಮೊದಲೇ ಮೊಣಕಾಲೂರಿ ಬಲಗೈಯನ್ನು ಕಲ್ಲಿನ ಮೇಲೆ ಚಾಚಿದ. ಆ ಕ್ಷಣ ಸತ್ತವರು ಅಲ್ಲಿದ್ದರೋ, ಎದ್ದು ಹೋಗಿದ್ದರೋ, ಅವನು ತಿರುಗಿ ನೋಡಲಿಲ್ಲ. ಖಡ್ಗ ಇಳಿಯಿತು.

ಜನ ಹಿಂದೆ ಸರಿದರು. ಸಾಕವ್ವೆಯೊಬ್ಬಳೇ ಮುಂದೆ ಬಂದು ಅವನ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಸೆರಗಿನ ಅಂಚನ್ನು ಸರ್ರನೆ ಹರಿದು, ತೋಳಿಗೆ ಬಿಗಿಯತೊಡಗಿದಳು. ಗಂಡಸರ ಗಾಯಗಳನ್ನು ಕಟ್ಟಿ ಪಳಗಿದ ಕೈಗಳು ಅವಳವು.

"ನಿಮ್ಮನ್ನು ಕ್ಷಮಿಸಿದೆ ಅಂದುಕೋಬೇಡಿ," ಎಂದಳು, ಹಲ್ಲಿನಲ್ಲಿ ಗಂಟು ಜಗ್ಗುತ್ತ. "ತೋಳನ್ನು ಮೇಲೆತ್ತಿ ಹಿಡೀರಿ. ರಕ್ತ ನಿಲ್ಲುತ್ತೆ."