ಒಂದ ನಂಬರ್ ಡ್ರೈವ್

ಕೊಯ್ತಾ ನನ್ನ ಕೀಬೋರ್ಡಿನ ಮೇಲೆ ಬಂದು ಕೂತಿತು.

ಕಬ್ಬು ಕಡಿಯುವ ಕೊಯ್ತಾ! ನನ್ನ ಬೆರಳಿಗೂ ಅದರ ಅಲಗಿಗೂ ನಡುವೆ ಸ್ಪೇಸ್‌ಬಾರ್ ಮಾತ್ರ ಇತ್ತು.

ಹಿಡಿದಿದ್ದವನು ಉದ್ದಪ್ಪ. ಕುಲಗೋಡದಲ್ಲಿ ಕಬ್ಬು ತೂಗುವ ಕಾಟಾದ ಮಾಲೀಕ. ಬೆಳಿಗ್ಗೆಯಿಂದ ಗೋಕಾಕದ ಗಲ್ಲಿಗಲ್ಲಿಯಲ್ಲಿ ನನ್ನ ಬೆನ್ನು ಹತ್ತಿದ್ದ. ಎರಡು ಸಲ ತಪ್ಪಿಸಿಕೊಂಡೆ... ಮೂರನೇ ಸಲ ನನ್ನ ಅಂಗಡಿಯಲ್ಲೇ ಸಿಕ್ಕಿಬಿದ್ದೆ. ಕೆಟ್ಟ ಕಂಪ್ಯೂಟರಿನಿಂದ ಫೈಲ್ ಎತ್ತಿಕೊಡುವುದು ನನ್ನ ಕಸಬು. ಇವತ್ತು ನನ್ನನ್ನೇ ಎತ್ತುವವನು ಬಂದಿದ್ದ.

ಮೂಲೆಯ ಸ್ಟೂಲಿನ ಮೇಲೆ ಶುಭಾಂಗಿ ಮುದುಡಿ ಕೂತಿದ್ದಳು. ಅವಳ ಗಂಡ ಜಿನೇಂದ್ರ ಲಾಕಪ್ಪಿನಲ್ಲಿದ್ದ. ಮೊನ್ನೆ ಯಮಕನಮರಡಿಯಲ್ಲಿ ಹನ್ನೊಂದು ಗಂಟೆಗೆ ಟ್ರ್ಯಾಕ್ಟರ್ ಹಾಯಿಸಿ ಒಬ್ಬನನ್ನು ಕೊಂದ ಎಂದು ಕೇಸು.

ನಿಜಕ್ಕೂ ಅದನ್ನು ಓಡಿಸಿದ್ದು ಉದ್ದಪ್ಪನ ಮಗ.

ಅದೇ ಹನ್ನೊಂದಕ್ಕೆ ಜಿನೇಂದ್ರ ಅಲ್ಲಿಂದ ಬಹುದೂರದ ಕುಲಗೋಡದ ಕಾಟಾದ ಮೇಲೆ ಬೇರೆ ಟ್ರ್ಯಾಕ್ಟರಿನಲ್ಲಿದ್ದ. ಕಾಟಾದ ಕ್ಯಾಮೆರಾ ಅವನ ಫೋಟೊ ಹಿಡಿದಿತ್ತು. ಶುಭಾಂಗಿ ಬೇಡಿಕೊಂಡಿದ್ದಕ್ಕೆ, ಆ ಫೋಟೊ ಇದ್ದ ಡ್ರೈವನ್ನು ರಿಪೇರಿ ನೆಪದಲ್ಲಿ ಬೆಳಿಗ್ಗೆ ಕಾಟಾದ ಕಂಪ್ಯೂಟರಿನಿಂದ ನಾನೇ ಬಿಚ್ಚಿ ತಂದಿದ್ದೆ.

ಅದು ಎಸ್‌ಎಸ್‌ಡಿ, ಚಿಪ್ಪಿನಲ್ಲೇ ಫೈಲ್ ಇಡುವ ಡ್ರೈವ್; 2009ರಲ್ಲಿ ನಮ್ಮ ಕಡೆ ಅದನ್ನು ಕಂಡವರೇ ಕಡಿಮೆ. ತಿರುಗುವ ತಟ್ಟೆ ಇಲ್ಲ, ಧೂಳಿಗೆ ಹೆದರುವುದಿಲ್ಲ. ಆದರೆ ಬರೆದಷ್ಟೂ ಸವೆಯುತ್ತದೆ. ಹಂಗಾಮಿಡೀ ಕಾಟಾ ಅಲುಗಿದಾಗಲೆಲ್ಲ ತೂಕ ಬರೆದು ಬರೆದು ಇದು ಸವೆದುಹೋಗಿತ್ತು. ನೂರರಿಂದ ಇಳಿಯುವ ಆಯುಷ್ಯದ ಅಂಕಿ ನನ್ನ ಪರದೆಯ ಮೇಲಿತ್ತು: 1.

ಪರೀಕ್ಷೆಗೆಂದು ಒಂದು ಫೈಲ್ ಹಾಕಿದ್ದೆ. ಸೇವ್ ಆದಂತೆಯೇ ಕಂಡಿತು. ಆಫ್ ಮಾಡಿ ಆನ್ ಮಾಡಿದರೆ ಫೈಲ್ ಮಾಯ! ಈ ಡ್ರೈವ್ ಇನ್ನು ಬರೆಯುವುದಿಲ್ಲ, ಅಳಿಸುವುದೂ ಇಲ್ಲ. ಇದ್ದದ್ದನ್ನು ಓದಿಸುತ್ತದೆ, ಅಷ್ಟೇ.

ಕಾಪಿ ಯಾಕೆ ಮಾಡಿಕೊಳ್ಳಲಿಲ್ಲ ಅಂತೀರಾ? ಅಷ್ಟರಲ್ಲೇ ಕೊಯ್ತಾ ಒಳಗೆ ಬಂದಿತ್ತು.

"ಡ್ರೈವ್ ಹೆಂಗೈತಿ?" ಉದ್ದಪ್ಪ ಕೇಳಿದ.

"ಒಂದ ನಂಬರ್ ಐತ್ರಿ."

ನಮ್ಮ ಕಡೆ ಎತ್ತಿನಿಂದ ಹಿಡಿದು ಬೆಲ್ಲದವರೆಗೆ ಒಳ್ಳೆಯದೆಲ್ಲ ಒಂದ ನಂಬರ್. ಅವನು ತಲೆಯಾಡಿಸಿದ.

"ಹಂಗಾರ ಆ ದಿನದ ಫೋಟೊ ಎಲ್ಲಾ ಅಳಸು. ಮೂರ ಗಂಟೆಕ್ಕ ಪೊಲೀಸರು ಜಪ್ತಿ ಮಾಡಾಕ ಬರ್ತಾರ. ಡ್ರೈವ್ ಇರಬೇಕು, ಫೋಟೊ ಇರಬಾರ್ದು."

ಅಳಿಸಿದೆ. ಪರದೆ ಖಾಲಿಯಾಯಿತು.

ಶುಭಾಂಗಿ ಎದ್ದು ನಿಂತಳು. "ಅಣ್ಣಾ ಅಂತ ನಂಬಿ ಬಂದಿದ್ದೆ, ಗಫಾರಭಾಯಿ," ಎಂದಳು. ಹೊಸ್ತಿಲಲ್ಲಿ ಉಗುಳಿ ಹೊರಟುಹೋದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು... ಆದರೆ ಅದು ಉದ್ದಪ್ಪನ ಕಿವಿಗೂ ಬೀಳುತ್ತಿತ್ತು.

ಅವನು ಡ್ರೈವನ್ನು ಕಿಸೆಗೆ ಹಾಕಿಕೊಂಡು ಹೋದ. ಕಾಟಾದ ಕಂಪ್ಯೂಟರಿಗೆ ತಾನೇ ನಿಂತು ಜೋಡಿಸಿದ; ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. ಮೂರಕ್ಕೆ ತಾನೇ ಬಿಚ್ಚಿಸಿ ಪೊಲೀಸರ ಕೈಗೆ ಕೊಟ್ಟ.

ಅದನ್ನು ಓದಿಸಲು ಠಾಣೆಯವರು ಕರೆಸಿದ್ದು ನನ್ನನ್ನೇ. ಸುತ್ತಮುತ್ತ ಈ ಕೆಲಸ ಬಲ್ಲವನು ಇನ್ನೊಬ್ಬನಿರಲಿಲ್ಲ.

ಠಾಣೆಯಲ್ಲಿ ಉದ್ದಪ್ಪ, ಶುಭಾಂಗಿ ಎಲ್ಲರೂ ಸೇರಿದ್ದರು. ಆನ್ ಮಾಡಿದೆ. ಫೋಟೊಗಳೆಲ್ಲ ಇದ್ದಲ್ಲೇ ಇದ್ದವು. ಹನ್ನೊಂದು ಗಂಟೆ ಎರಡು ನಿಮಿಷ. ಕಾಟಾದ ಮೇಲೆ ಟ್ರ್ಯಾಕ್ಟರ್. ಸ್ಟೇರಿಂಗ್ ಹಿಡಿದು ಆಕಳಿಸುತ್ತಿದ್ದ ಜಿನೇಂದ್ರ.

ಶುಭಾಂಗಿ ಪರದೆಯ ಮೇಲಿನ ಗಂಡನ ಮುಖ ಮುಟ್ಟಿ ಅತ್ತಳು.

ಉದ್ದಪ್ಪನ ಮುಖ ಸುಣ್ಣದಂತೆ ಬಿಳಿಚಿತ್ತು. "ಒಂದ ನಂಬರ್ ಐತಿ ಅಂದಿದ್ಯಲ್ಲೋ..."

"ಖರೇನ ಹೇಳೀನ್ರಿ," ಎಂದೆ. "ನೂರಕ್ಕ ಒಂದ ನಂಬರ್."