ಹೊಟ್ಟೆ ತುಂಬದ ಕೌದಿ

“ಅದಕ್ಕ ಸೂಜಿ ಹಚ್ಚಬ್ಯಾಡ್ರಿ, ಬಾಯಾರ. ಹೊಟ್ಟಿ ತುಂಬಿಲ್ಲ ಅದರದು.”

ಮುಂಬೈಯ ಜೋಗೇಶ್ವರಿಯ ಚಾಳಿನ ಬಾಗಿಲಲ್ಲೇ, ಚಿಂದಿ ಬಟ್ಟೆಯ ಕೌದಿ ಎತ್ತಿಕೊಂಡು ಹೊರಟ ಶಿವಕುಮಾರಿಯನ್ನು ಗುರುಬಾಯಿ ತಡೆದಳು. ಕೌದಿ ಮುಗಿಯುವಾಗ ಹೊಲಿದವಳ ತಾಯಿ ಅದರ ನಡುವೆ ರೊಟ್ಟಿಯ ಚೂರಿಟ್ಟು ಕೊನೆಯ ತೇಪೆ ಹಾಕಿಸಬೇಕು. ಇಲ್ಲದಿದ್ದರೆ ಹಸಿದ ಕೌದಿ ಸೂಜಿ ಹಿಡಿದವಳನ್ನೇ ತಿನ್ನುತ್ತದೆ. ಗುರುಬಾಯಿಯ ಮಗಳು ದಾನೇಶ್ವರಿ ಈ ಕೌದಿಯನ್ನು ಅರ್ಧಕ್ಕೇ ಬಿಟ್ಟು, ಇಪ್ಪತ್ತೆರಡನೇ ವಯಸ್ಸಿಗೆ ಜ್ವರದಲ್ಲಿ ಹೋಗಿದ್ದಳು.

ಶಿವಕುಮಾರಿ ನಕ್ಕಳು. “ಬಟ್ಟೆಗೆ ಎಂತ ಹಸಿವೆ ಅಮ್ಮಾ? ಡಯೆಟ್ ಮಾಡ್ಲಿ ಬಿಡಿ. ನಾನು ಮುಗಿಸಿ, ಅವಳ ಹೆಸರಲ್ಲೇ ಪ್ರದರ್ಶನಕ್ಕೆ ಇಡ್ತೇನೆ.”

ವಿಲೆ ಪಾರ್ಲೆಯಲ್ಲಿ ಸೀರೆಗಳ ಮೇಲೆ ಚಿತ್ರ ಬರೆಯುವವಳು ಆಕೆ. ತಿಂಗಳುಗಳಿಂದ ಕೈಗೆ ಹೊಸದೊಂದು ಬಳ್ಳಿಯೂ ಬಂದಿರಲಿಲ್ಲ. ಈ ಕೌದಿಯಲ್ಲೋ, ಲೋಕಲ್ ರೈಲುಗಾಡಿಯ ಕಿಟಕಿಗಳೆಲ್ಲ ಜೋಳದ ತೆನೆಗಳಾಗಿ ಬಾಗಿದ್ದವು. ಕಂಡೊಡನೆ ಅವಳೊಳಗೆ ಎದ್ದದ್ದು ಮೆಚ್ಚುಗೆಯಲ್ಲ, ಹೊಟ್ಟೆಕಿಚ್ಚು. ಸತ್ತವಳ ಮೇಲೆ.

ಮನೆಯಲ್ಲಿ ಮಡಿಕೆ ಬಿಚ್ಚಿದಾಗ ಬೇವಿನೆಲೆಯ ವಾಸನೆ ಬಂತು. ಅದರಡಿಯಲ್ಲಿ ಜ್ವರದ ಬೆವರಿನ ವಾಸನೆ. ಸೂಜಿ ಇಳಿಸಿದಳು. ಬೆರಳುಗಳು ತಾವಾಗಿಯೇ ಓಡಿದವು. ಅವಳು ಕಂಡಿರದ ಹಕ್ಕಿಗಳು, ಕಂಡಿರದ ಬಾವಿಗಳು ಮೂಡಿದವು. ಎಷ್ಟು ಕಾಲದ ಮೇಲೆ ಇಂಥ ಸುಖ! ಸಂಜೆಗೆ ಕೌದಿ ತುಂಬಿತು.

ಕೈ ನಿಲ್ಲಲಿಲ್ಲ.

ಚಿಂದಿ ಮುಗಿಯಿತು. ಪರದೆ ಹರಿದಳು. ಕೋಣೆಯ ಕತ್ತಲೆ ಮಾತ್ರ ಹಾಗೇ ಉಳಿಯಿತು. ತಾನೇ ಬರೆದ ಸೀರೆಗಳನ್ನು ಕತ್ತರಿಸಿದಳು. ಒಂದೊಂದು ಚೂರಾದಂತೆಯೂ ಅದರ ಚಿತ್ರ ಅವಳ ನೆನಪಿನಿಂದ ಅಳಿಯಿತು. ದಾನೇಶ್ವರಿ ಬದುಕಿದ್ದರೆ ಮೂವತ್ತರಲ್ಲಿ ಹೊಲಿಯಬೇಕಾಗಿದ್ದದ್ದು, ಮುಪ್ಪಿನಲ್ಲಿ ಹೊಲಿಯಬೇಕಾಗಿದ್ದದ್ದು, ಎಲ್ಲವೂ ಸಂಜೆಯ ಲೋಕಲ್‌ನ ಬಾಗಿಲಲ್ಲಿ ನುಗ್ಗುವ ಜನದಂತೆ ಈ ಎರಡು ಕೈಗಳಲ್ಲಿ ನುಗ್ಗುತ್ತಿತ್ತು. ಬೆರಳು ಒಡೆಯಿತು. ನೂಲು ಕೆಂಪಾಯಿತು. ನಿದ್ದೆಯಿಲ್ಲ. ಅನ್ನವಿಲ್ಲ. ಸೂಜಿಯ ಸದ್ದೊಂದೇ.

ಮೊಣಕೈಯಿಂದ ಫೋನ್ ಒತ್ತಿದಳು. “ಬನ್ನಿ ಅಮ್ಮಾ... ರೊಟ್ಟಿ ತನ್ನಿ.”

ಗುರುಬಾಯಿ ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಓಡಿಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು. ಒಳಗೆ ಹೊಲಿಯುತ್ತಿದ್ದ ಶಿವಕುಮಾರಿಯ ತಲೆ ಎಡಕ್ಕೆ ವಾಲಿತ್ತು. ಹಲ್ಲಿನಿಂದ ನೂಲು ಕಡಿದು, ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಆ ರೀತಿ. ಅದು ದಾನೇಶ್ವರಿ ಒಬ್ಬಳದೇ.

“ಇಡಿ ಅಮ್ಮಾ! ಬೇಗ!”

ಗುರುಬಾಯಿ ಗಂಟು ಬಿಚ್ಚಿದಳು. ಇಟ್ಟರೆ ಈ ಹೆಂಗಸು ಉಳಿಯುತ್ತಾಳೆ. ಮಗಳು ಇನ್ನೊಮ್ಮೆ ಸಾಯುತ್ತಾಳೆ.

ಚೂರನ್ನು ತನ್ನ ಬಾಯಿಗೆ ಹಾಕಿಕೊಂಡಳು. ಮೆಲ್ಲಗೆ ಅಗಿದಳು. ನುಂಗಿದಳು. ಆಮೇಲೆ ಎದುರಿಗೆ ಕುಳಿತು, ಇನ್ನೊಂದು ಸೂಜಿಗೆ ನೂಲು ಪೋಣಿಸಿ ಮುಂದೆ ಚಾಚಿದಳು.

“ಹೊಲಿಯವ್ವಾ. ನಿಂದಿನ್ನೂ ಭಾಳ ಉಳದೈತಿ.”